ಹೂ ಮುಡಿಯದ ಮಮತಾ

ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಮಮತಾಳ ಚಾಕಿ ಮನೆ ಎಂದರೆ ಸಾಕು, ಕಂಡಕ್ಟರ್ ಸ್ಟಾಪ್ ಇಲ್ಲದ ಕಡೆಯೂ ಸೀಟಿ ಊದಿ ಇಳಿಸುತ್ತಾನೆ. ಅವನ ಮನೆಯವರೂ ಅಲ್ಲಿಂದಲೇ ಹುಳ ಒಯ್ಯುವವರು. ರೇಷ್ಮೆ ಹುಳ ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದಾಗಿರುತ್ತದೆ. ಆ ಹಸುಗೂಸು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊದಲೆರಡು ಜ್ವರದವರೆಗೆ ಹುಳವನ್ನು ಸಾಕಿ, ಆಮೇಲೆ ರೈತರಿಗೆ ಕೊಡುವುದು ಚಾಕಿ ಮನೆಯ ಕೆಲಸ. ಒಟ್ಟಿನಲ್ಲಿ ಬಾಣಂತನ. ಊರೂರಿನ ರೇಷ್ಮೆ ಬೆಳೆಗೆ ಬಾಣಂತನ ಮಾಡಿಯೇ ಮಮತಾ ಹೆಸರು ಮಾಡಿದವಳು.

ಆ ದಾರಿಯಲ್ಲಿ ಅವಳ ಬಗ್ಗೆ ಇನ್ನೊಂದು ಮಾತೂ ಓಡಾಡುತ್ತಿತ್ತು. ಗಂಡ ಪ್ರಭುಲಿಂಗ ಕಲ್ಲುಗುಂಡಿನ ಹಾಗೆ ಮುಂದೆ ಓಡಾಡಿಕೊಂಡಿದ್ದರೂ ಈ ಹೆಂಗಸು ತಲೆಗೆ ಒಂದೆಳೆ ಹೂ ಮುಡಿಯುವುದಿಲ್ಲ. ಮದುವೆ ಮನೆಗೆ ಬಂದರೂ ಬರೀ ತಲೆ. ಕುಂಕುಮದ ತಟ್ಟೆ ಹಿಡಿದು ಬಂದವರು ಮಲ್ಲಿಗೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವಳಿಗೆ ದಾಟಿಸುತ್ತಾಳೆ. ಹುಳಕ್ಕೆ ವಾಸನೆ ಆಗುವುದಿಲ್ಲ ಎಂದು ಅವಳು ಹೇಳಿದರೆ ಕೇಳಿದವರು ಮುಖಮುಖ ನೋಡಿಕೊಳ್ಳುತ್ತಿದ್ದರು. ಮುತ್ತೈದೆ ಹೂ ಬಿಡುವುದು ಹುಳಕ್ಕೋಸ್ಕರ ಎಂದರೆ ನಂಬುವುದಾದರೂ ಹೇಗೆ?

ಅವಳು ಸೋಲೂರಿನ ಹುಡುಗಿ. ಮಾಗಡಿಯ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನಿಂತು ಹೋಗಿ ಓದಿದವಳು. ತೆಂಗು ಮತ್ತು ಹಾಲಿನ ಊರಿನವಳಿಗೆ ರೇಷ್ಮೆ ಹುಳ ಎಂದರೇನು ಗೊತ್ತು? ಮದುವೆಯಾಗಿ ಬಂದ ಹೊಸದರಲ್ಲಿ ಹುಳ ನೋಡಿ ಕಿರುಚಿಕೊಂಡಿದ್ದಳು ಎಂದು ಅತ್ತೆ ಸುಂದರಮ್ಮ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಆದರೆ ಅದೇ ಸೊಸೆ ಸ್ವಲ್ಪ ದಿನಕ್ಕೆ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತು ಅತ್ತೆಯನ್ನೇ ಕಾಲು ತೊಳೆದು ಬನ್ನಿ ಎನ್ನತೊಡಗಿದಾಗ ಅವರು ನಗಲಿಲ್ಲ. ಪೌಡರ್ ಹಚ್ಚಿ ಬರುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಕಡ್ಡಿಪುಡಿ ಬಾಯಿಗೆ ಹಾಕಿದವರು ಅಂಗಳವನ್ನೂ ದಾಟುವಂತಿಲ್ಲ. ಹುಳದ ಮನೆಯ ಕಡೆ ಗಾಳಿ ಬೀಸುವಾಗ ಅಡುಗೆಮನೆಯಲ್ಲಿ ಒಗ್ಗರಣೆ ಕೂಡ ಇಲ್ಲ. ವರ್ಷಗಟ್ಟಲೆ ಆ ಮನೆಯವರು ಸಪ್ಪೆ ಸಾರು ಉಂಡರು.

ಅಷ್ಟು ಕಟ್ಟುನಿಟ್ಟಿಗೆ ಫಲವೂ ಸಿಕ್ಕಿತು. ಕನಕಪುರದಲ್ಲಿ ರಸ್ತೆ ಅಗಲವಾಗಿ, ರಾಗಿ ಹೊಲಗಳೆಲ್ಲ ಲೇಔಟ್ ಆಗಿ, ಜನ ನೆಲ ಮಾರಿ ಕಾರು ಕೊಳ್ಳುತ್ತಿದ್ದ ಕಾಲದಲ್ಲಿ ಮಮತಾ ಹುಳಕ್ಕೆ ಕಟ್ಟಡ ಕಟ್ಟಿಸಿದಳು. ಹಿತ್ತಲಿನ ಒಂದು ಕೋಣೆ ಇದ್ದದ್ದು ಮೂರು ದೊಡ್ಡ ಮನೆಗಳಾಯಿತು. ಸುತ್ತಲಿನ ಹಟ್ಟಿಗಳ ಹೆಂಗಸರಿಗೆ ವರ್ಷವಿಡೀ ಕೆಲಸ ಸಿಕ್ಕಿತು. ಪ್ರಭುಲಿಂಗ ಟಾಟಾ ಏಸ್ ಗಾಡಿಯಲ್ಲಿ ಹುಳದ ತಟ್ಟೆಗಳನ್ನು ಜೋಡಿಸಿಕೊಂಡು ಚನ್ನಪಟ್ಟಣಕ್ಕೆ, ಮಾಗಡಿಗೆ ಓಡಾಡತೊಡಗಿದ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇದು ಯಾರ ಚಾಕಿ ಎಂದು ಕೇಳುವ ಮಟ್ಟಕ್ಕೆ ಅವಳ ಹೆಸರು ಬಂತು. ಆ ಹೆಸರೊಂದೇ ಅವಳ ಬಂಡವಾಳ. ಗುಣದೋಷ ಕಣ್ಣಿಗೆ ಕಾಣದಷ್ಟು ಸಣ್ಣ ಹುಳವನ್ನು ರೈತ ನಂಬಿಕೆಯ ಮೇಲೆ ಒಯ್ಯುತ್ತಾನೆ, ಬೇರೆ ಏನನ್ನು ನೋಡಿ ಒಯ್ದಾನು?

ಹೊಲದ ಪಕ್ಕದವನು ನಿಯಾಜ್. ಇವಳ ಹಿಪ್ಪುನೇರಳೆ ತೋಟಕ್ಕೂ ಅವನ ಟೊಮೆಟೊ ಹೊಲಕ್ಕೂ ನಡುವೆ ಒಂದು ತಂತಿಬೇಲಿ ಮಾತ್ರ. ಟೊಮೆಟೊಗೆ ಔಷಧಿ ಹೊಡೆಯದಿದ್ದರೆ ಕಾಯಿಕೊರಕ ತಿಂದು ಮುಗಿಸುತ್ತದೆ, ಹೊಡೆದರೆ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ, ಆ ಸೊಪ್ಪು ತಿಂದರೆ ಹುಳ ಸಾಯುತ್ತದೆ. ಇಂಥ ನೆರೆಹೊರೆಯವರು ಕೋರ್ಟು ಕಚೇರಿ ಹತ್ತಿದ್ದು ನಮ್ಮಲ್ಲಿ ಬೇಕಾದಷ್ಟಿದೆ. ಇವರಿಬ್ಬರಿಗೆ ಮಾತ್ರ ಒಂದು ರೂಢಿ ಇತ್ತು. ಔಷಧಿ ಹೊಡೆಯುವ ಹಿಂದಿನ ದಿನ ನಿಯಾಜ್ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ. "ಅಕ್ಕಾ, ನಾಳೆ ಹೊಡೀತೀನಿ. ಆ ತುದೀಲಿ ಸೊಪ್ಪು ಕುಯ್ಕೊಳ್ಳಿ," ಎನ್ನುತ್ತಿದ್ದ. ಇವಳು ಆಗಲಿ ಎನ್ನುತ್ತಿದ್ದಳು. ಗಾಳಿ ಈ ಕಡೆಗೆ ತಿರುಗಿದರೆ ಅವನು ಪಂಪನ್ನು ಇಳಿಸಿ ಮನೆಗೆ ಹೋಗುತ್ತಿದ್ದ. ಒಮ್ಮೆಯೂ ಈ ರೂಢಿ ತಪ್ಪಿರಲಿಲ್ಲ.

ಈ ಸಲದ ದಸರಾಕ್ಕೆ ಮಮತಾ ಹಿಂದೆಂದೂ ಹಿಡಿಯದಷ್ಟು ದೊಡ್ಡ ಚಾಕಿ ಹಿಡಿದಳು. ಸೊಪ್ಪು ಹೆಚ್ಚಲು ಕೈ ಸಾಲದೆಂದು ಹೊಸ ಯಂತ್ರ ತರಿಸಿದಳು. ಒಂದು ಕಡೆಯಿಂದ ಸೊಪ್ಪಿನ ಕಂತೆ ಕೊಟ್ಟರೆ ಇನ್ನೊಂದು ಕಡೆ ಎಳ್ಳುಗಾತ್ರಕ್ಕೆ ತುಂಡಾಗಿ ಬೀಳುವ ಯಂತ್ರ. ಅದರ ಸದ್ದು ಸುಂದರಮ್ಮನಿಗೆ ಆಗಲಿಲ್ಲ. ನನ್ನ ಕುಡುಗೋಲಿಗೆ ಏನು ಬಂದಿದೆ ಎಂದು ಗೊಣಗಿಕೊಂಡು, ಮನೆಯ ಜಗಲಿಯ ಮೇಲೆ ತಮಗೆಂದೇ ಒಂದು ತಟ್ಟೆ ಹುಳ ಇಟ್ಟುಕೊಂಡರು. ಅದೇ ತೋಟದ ಅದೇ ಬುಟ್ಟಿಯ ಸೊಪ್ಪನ್ನು ಒಂದು ಹಿಡಿ ತೆಗೆದುಕೊಂಡು ಕೈಯಲ್ಲೇ ಸಣ್ಣಗೆ ಹೆಚ್ಚಿ ಹಾಕುತ್ತಿದ್ದರು. ಮುದುಕಿಗೆ ಹೊತ್ತು ಹೋಗಲಿ ಎಂದು ಮಮತಾ ಸುಮ್ಮನಿದ್ದಳು.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಮೇವಿಗೆ ಬೇಕಾದಷ್ಟನ್ನು ಹೆಚ್ಚಿಟ್ಟು ಯಂತ್ರವನ್ನು ತೊಳೆದರು. ಮೂರೆಳೆ ವಿಭೂತಿ ಬಳಿದು ಕುಂಕುಮ ಇಟ್ಟರು. ಪ್ರಭುಲಿಂಗ ಪೇಟೆಯಿಂದ ಸೇವಂತಿಗೆಯ ದಪ್ಪ ಹಾರ ತಂದಿದ್ದ, ಗಾಡಿಗೆ ಹಾಕಲೆಂದು. ಮಮತಾ ಅದನ್ನು ಕೈಗೆ ತೆಗೆದುಕೊಂಡಳು. ಎಷ್ಟೋ ವರ್ಷದ ಮೇಲೆ ಅಷ್ಟು ಹೂ ಅವಳ ಕೈಯಲ್ಲಿತ್ತು. ಹುಳದ ಮನೆಗಳು ಅತ್ತ ಇವೆ, ಯಂತ್ರ ಇರುವುದು ಇತ್ತ, ಸೊಪ್ಪಿನ ಶೆಡ್ಡಿನಲ್ಲಿ. ವಾಸನೆ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದಳು. ನನ್ನ ತಲೆಗಂತೂ ಯೋಗ ಇಲ್ಲ, ಇದಕ್ಕಾದರೂ ಮುಡಿಸೋಣ ಅನ್ನಿಸಿತು. ಸೊಪ್ಪು ಒಳಗೆ ಹೋಗುವ ಬಾಯಿಯ ಮೇಲೆ ಹಾರವನ್ನು ತಾನೇ ಇಳಿಬಿಟ್ಟು ಕಟ್ಟಿದಳು. ಬಿಸಿಲಿಗೆ ಬಾಡದಿರಲೆಂದು ಆಗಾಗ ನೀರು ಚಿಮುಕಿಸಿದಳು. ಹೂ ಮುಡಿದ ಯಂತ್ರವನ್ನು ನೋಡಿ ಅವಳಿಗೆ ಹೆಮ್ಮೆಯೂ ಆಯಿತು, ಯಾಕೋ ಕಣ್ಣೂ ತುಂಬಿತು. ಗಾಳಿ ಹುಳದ ಮನೆಯ ಕಡೆ ಇರಲಿಲ್ಲ, ಅಂದು ಸಂಜೆ ಮನೆಯಲ್ಲಿ ಒಗ್ಗರಣೆಯ ಚಿತ್ರಾನ್ನವೂ ಆಯಿತು.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಮಮತಾ ಹಾರ ಬಿಚ್ಚಿ ಮೂಲೆಯ ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆಯಿಂದ ಯಂತ್ರದ ಕುಂಕುಮವನ್ನೂ ಬಾಯಿಯನ್ನೂ ಒರೆಸಿದಳು, ಕೆಲಸದವರು ಸೊಪ್ಪು ಹೆಚ್ಚಿದರು. ಆ ಮೇವು ತಿಂದರೆ ಹುಳ ಸಂಜೆಗೆ ಮೇಯುವುದನ್ನು ಬಿಟ್ಟು ಎರಡನೇ ಜ್ವರಕ್ಕೆ ಕೂರಬೇಕು, ಮರುದಿನ ರೈತರ ಮನೆ ಸೇರಬೇಕು. ಹುಳ ನೋಡಿಹೋಗಲು ಆಗಲೇ ಕೆಲವರು ಬಂದು ಅಂಗಳದ ಹೊಂಗೆ ಮರದ ಕೆಳಗೆ ಕೂತಿದ್ದರು. ಉಯ್ಯಂಬಳ್ಳಿಯ ಹಿರಿಯರಾದ ಲಿಂಗಯ್ಯನವರಿದ್ದರು. ಚನ್ನಪಟ್ಟಣದ ಕಡೆಯ ದೇವರಾಜ್ ಇದ್ದ, ಮುಂಗೋಪದ ಆಳು. ಎಲ್ಲರೂ ಮನೆಗೆ ಸುಣ್ಣ ಬಳಿದು, ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ತೋಟದಲ್ಲಿ ಸೊಪ್ಪು ಕಾಯ್ದಿಟ್ಟುಕೊಂಡು ಬಂದವರು.

ಮಧ್ಯಾಹ್ನ ಮಮತಾ ಕೈಕಾಲು ತೊಳೆದು ಮೊದಲನೇ ಹುಳದ ಮನೆಗೆ ಹೋದಳು. ಬೆಳಿಗ್ಗೆ ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ಜ್ವರಕ್ಕೆ ಬೇಗ ಕೂತಿರಬೇಕು ಎಂದುಕೊಂಡು ತಟ್ಟೆ ಎಳೆದು ಬಗ್ಗಿ ನೋಡಿದಳು. ಹುಳಗಳು ತಲೆಯೆತ್ತಿ ಅತ್ತಿತ್ತ ಓಲಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮೈ ಮುದುರಿಕೊಂಡು ಬಿದ್ದಿದ್ದವು. ಇನ್ನೊಂದು ತಟ್ಟೆ ಎಳೆದಳು, ಅಲ್ಲೂ ಅದೇ. ಎರಡನೇ ಮನೆಗೆ ಓಡಿದಳು, ಮೂರನೆಯದಕ್ಕೆ ಓಡಿದಳು. ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಂಬ ಹಿಡಿದು ಹಾಗೇ ಕೆಳಗೆ ಕುಸಿದಳು. ಕೆಲಸದ ಹೆಂಗಸರು ಅವಳನ್ನು ಹೊರಗೆ ಎಳೆದುಕೊಂಡು ಬಂದಾಗ ಅವಳ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

ಹೊಂಗೆ ಮರದ ಕೆಳಗಿದ್ದವರು ಎದ್ದುಬಂದರು. ಕಿಟಕಿಯ ಗಾಜಿನಿಂದ ಇಣುಕಿದರು. ಹಸಿರು ನೀರು ಕಂಡಮೇಲೆ ಯಾವ ರೈತನಿಗೂ ವಿವರಿಸಿ ಹೇಳಬೇಕಾಗಿಲ್ಲ, ಅದು ವಿಷ. ಲಿಂಗಯ್ಯ ಟವೆಲ್ಲು ಬಾಯಿಗೆ ಒತ್ತಿಕೊಂಡು ನಿಂತರು. ದೇವರಾಜ್ ಅವಳ ಎದುರಿಗೆ ಬಂದು, ಔಷಧಿ ಹೆಂಗೆ ಬಂತು ಸೊಪ್ಪಿಗೆ ಎಂದು ಕೇಳಿದ.

ಮಮತಾಳ ತಲೆಯೊಳಗೆ ಏನೂ ಓಡುತ್ತಿರಲಿಲ್ಲ. ಸೊಪ್ಪಿಗೆ ವಿಷ ಬರುವ ದಾರಿ ಒಂದೇ ಎಂದು ಅವಳು ಕೆಲಸದವರಿಗೆಲ್ಲ ಪಾಠ ಹೇಳಿದವಳು. ಆ ಪಾಠವೇ ಬಾಯಿಗೆ ಬಂತು.

"ನಿಯಾಜ್ ಹೊಡ್ದಿರ್‍ಬೇಕು," ಅಂದಳು. "ಹೇಳ್ದೆ ಹೊಡ್ದವ್ನೆ."

ಅಷ್ಟೇ ಅವಳು ಹೇಳಿದ್ದು. ಹೇಳಿ ಅಲ್ಲೇ ಕೂತಳು. ದೇವರಾಜ್ ಮತ್ತು ಇನ್ನು ನಾಲ್ಕಾರು ಜನ ಬೇಲಿಯ ಕಡೆ ಹೊರಟದ್ದು ಅವಳಿಗೆ ಕಂಡಿತು, ಆದರೆ ಯಾಕೆ ಹೊರಟರು ಎಂಬುದು ತಲೆಗೆ ಹತ್ತಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೋಲು ಮುರಿಯುವ ಸದ್ದು ಕೇಳಿತು. ಆಗ ಮೈಮೇಲೆ ಎಚ್ಚರ ಬಂದವಳಂತೆ ಎದ್ದು ಓಡಿದಳು.

ಟೊಮೆಟೊ ಬಳ್ಳಿಗೆ ನಿಲ್ಲಿಸಿದ ಊರುಗೋಲುಗಳನ್ನು ಅವರು, ನೀನು ಹೊಡ್ದೆ ಅಂತ ಮಮತಕ್ಕನೇ ಹೇಳವ್ರೆ ಎಂದು ಕೂಗುತ್ತ ಕಿತ್ತು ಬಿಸಾಕುತ್ತಿದ್ದರು. ಕಾಯಿ ತುಂಬಿದ ಸಾಲುಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಕಾಲಡಿಗೆ ಸಿಕ್ಕುತ್ತಿದ್ದವು. ನಿಯಾಜ್ ಹೊಲದ ಬದುವಿನ ಮೇಲೆ ನಿಂತಿದ್ದ. ಅಡ್ಡ ಬರಲಿಲ್ಲ, ಬಯ್ಯಲಿಲ್ಲ. ಅವನು ನೋಡುತ್ತಿದ್ದದ್ದು ಮಮತಾಳನ್ನು. ಲಿಂಗಯ್ಯ ಹಿಂದೆಯೇ ಬಂದು, ಬುಡ್ರಲಾ ಸಾಕು ಎಂದು ಗದರಿದ ಮೇಲೆ ಅವರು ಕೈ ಬಿಟ್ಟರು. ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಹೊಲ ಮಲಗಿತ್ತು.

ಮಮತಾ ಕಾಲಿಗೆ ತಗುಲಿದ ಒಂದು ಹಣ್ಣನ್ನು ಎತ್ತಿಕೊಂಡಳು. ಯಾಕೆ ಎತ್ತಿಕೊಂಡಳೋ ಅವಳಿಗೇ ಗೊತ್ತಿಲ್ಲ. ತೊಟ್ಟಿನ ಪಕ್ಕದಲ್ಲಿ ಒಂದು ತೂತು. ಅದುಮಿದರೆ ಒಳಗಿಂದ ಹಸಿರು ಬಣ್ಣದ ಕಾಯಿಕೊರಕ ಹುಳ ತಲೆ ಹಾಕಿತು, ದುಂಡಗೆ, ಚೆನ್ನಾಗಿ ತಿಂದು ಬೆಳೆದದ್ದು. ಇನ್ನೊಂದು ಹಣ್ಣು ನೋಡಿದಳು. ಅದರಲ್ಲೂ ತೂತು. ಬಿದ್ದ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತ ಹೋದಳು. ತೂತಿಲ್ಲದ ಹಣ್ಣು ಹುಡುಕಬೇಕಿತ್ತು.

ಔಷಧಿ ಹೊಡೆದ ಹೊಲದಲ್ಲಿ ಹುಳ ಹೀಗೆ ಕೊಬ್ಬುವುದಿಲ್ಲ. ಇವನು ನಿನ್ನೆ ಮೊನ್ನೆಯಲ್ಲ, ಎಷ್ಟೋ ದಿನದಿಂದ ಪಂಪನ್ನೇ ಮುಟ್ಟಿಲ್ಲ. ಆಗ ಅವಳಿಗೆ ನೆನಪಾಯಿತು. ಚಾಕಿ ಹಿಡಿಯುವ ಹಿಂದಿನ ದಿನ ಬೇಲಿಯ ಹತ್ತಿರ ನಿಂತು, ಈ ಸಲ ದೊಡ್ಡ ಚಾಕಿ, ಒಸಿ ನೋಡ್ಕೊ ನಿಯಾಜ್ ಎಂದಿದ್ದಳು. ಆಗಲಿ ಅಕ್ಕ ಎಂದಿದ್ದ. ಗಾಳಿ ನೋಡಿಕೊಂಡು ಹೊಡೆಯುತ್ತಾನೆ ಎಂದು ಅವಳು ತಿಳಿದಿದ್ದಳು. ಅವನು ಹೊಡೆಯುವುದನ್ನೇ ಬಿಟ್ಟಿದ್ದ. ತನ್ನ ಬೆಳೆಯನ್ನು ಹುಳಕ್ಕೆ ತಿನ್ನಲು ಕೊಟ್ಟು ಇವಳ ಹುಳವನ್ನು ಕಾಯ್ದಿದ್ದ.

ಅವನ ಮುಖ ನೋಡಲು ಆಗಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಆಗ ಹುಟ್ಟಿತು. ಇವನಲ್ಲದಿದ್ದರೆ ಮತ್ತೆ ಯಾರು?

ಮನೆಗೆ ಬಂದಾಗ ಸುಂದರಮ್ಮ ಜಗಲಿಯ ಮೇಲೆ ಕೂತು ಕುಡುಗೋಲಿನಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಗಲಾಟೆಯೆಲ್ಲ ಅವರಿಗೆ ಕೇಳಿಸಿತ್ತು, ಗಾಬರಿಯಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು. "ನಂದು ಚೆನ್ನಾಗವೆ ಕಣಮ್ಮಿ, ನೋಡು," ಎಂದು ತಟ್ಟೆಯನ್ನು ಮುಂದೆ ತಳ್ಳಿದರು.

ಹುಳಗಳು ಸೊಪ್ಪನ್ನು ಜಾಳು ಜಾಳಾಗಿ ತಿಂದಿದ್ದವು. ಒಂದೂ ಸತ್ತಿರಲಿಲ್ಲ. ಕೆಲವು ಆಗಲೇ ತಲೆಯೆತ್ತಿಕೊಂಡು ಅಲ್ಲಾಡದೆ ಜ್ವರಕ್ಕೆ ಕೂರುತ್ತಿದ್ದವು. ಮಮತಾ ನಿಂತಲ್ಲೇ ನಿಂತಳು. ಬೆಳಿಗ್ಗೆ ಯಾವ ಸೊಪ್ಪು ಹಾಕಿದಿರಿ ಎಂದು ಕೇಳಿದಳು. ಇನ್ಯಾವುದು, ನೀವು ಕುಯ್ದು ತಂದ ಬುಟ್ಟಿಯದೇ ಎಂದರು ಅತ್ತೆ.

ಅದೇ ತೋಟ, ಅದೇ ಬುಟ್ಟಿ. ಹಾಗಾದರೆ ಸೊಪ್ಪಿನಲ್ಲಿ ವಿಷ ಇರಲಿಲ್ಲ. ಅತ್ತೆಯ ಸೊಪ್ಪು ಕುಡುಗೋಲಿನಲ್ಲಿ ಹೆಚ್ಚಿದ್ದು, ಉಳಿದದ್ದೆಲ್ಲ ಯಂತ್ರದ ಬಾಯಿ ದಾಟಿ ಬಂದದ್ದು. ಅವಳು ನಿಧಾನವಾಗಿ ತಲೆಯೆತ್ತಿ ಶೆಡ್ಡಿನ ಕಡೆ ನೋಡಿದಳು. ಮೂಲೆಯ ಬುಟ್ಟಿಯಲ್ಲಿ ಹಳದಿ ಹಾರ ಇನ್ನೂ ಬಾಡದೆ ನಗುನಗುತ್ತ ಬಿದ್ದಿತ್ತು.

ಹಬ್ಬದ ಹೂ. ಹಬ್ಬಕ್ಕೆ ಒಂದೆಸಳೂ ಕೆಡಬಾರದು ಎಂದು ಬೆಳೆದವರು ಕುಯ್ಯುವ ಹಿಂದಿನ ದಿನವೂ ಔಷಧಿ ಹೊಡೆಯುತ್ತಾರೆ, ಅದು ಗೊತ್ತಿಲ್ಲದ ವಿಷಯವೇನಲ್ಲ. ಅವಳು ಇಷ್ಟು ವರ್ಷ ಹೂವಿನಲ್ಲಿ ಹೆದರಿದ್ದು ವಾಸನೆಗೆ. ಒಳಗಿನ ವಿಷದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಚಿಮುಕಿಸಿದ ನೀರು ಹೂವಿನಿಂದ ಇಳಿದು ಯಂತ್ರದ ಬಾಯಿಗೆ ಹರಿದಿತ್ತು. ಮಿಕ್ಕದ್ದನ್ನು ಅವಳೇ ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಸವರಿದ್ದಳು.

ಆದರೂ ಮನಸ್ಸು ಒಪ್ಪಲಿಲ್ಲ. ಒಂದು ಸೇವಂತಿಗೆ ಕಿತ್ತು ತಂದು ಎಳೆಯ ಎಲೆಯ ಮೇಲೆ ಉಜ್ಜಿದಳು. ಅತ್ತೆಯ ತಟ್ಟೆಯಲ್ಲಿ ಇನ್ನೂ ಮೇಯುತ್ತಿದ್ದ ನಾಲ್ಕು ಹುಳವನ್ನು ಕೋಳಿಪುಕ್ಕದಲ್ಲಿ ಎತ್ತಿ ಆ ಎಲೆಯ ಮೇಲೆ ಬಿಟ್ಟಳು. ಇಬ್ಬರೂ ಬಗ್ಗಿ ನೋಡುತ್ತ ಕೂತರು. ಹುಳಗಳು ಎಲೆಯ ಅಂಚು ಕಚ್ಚಿದವು. ಬಹಳ ಹೊತ್ತು ಹಿಡಿಯಲಿಲ್ಲ. ಮೊದಲು ಒಂದು ತಲೆಯೆತ್ತಿ ಓಲಾಡಿತು, ಆಮೇಲೆ ಇನ್ನೊಂದು. ಎಲೆಯ ಮೇಲೆ ಹಸಿರು ಹನಿ ಕಂಡಿತು.

ಸುಂದರಮ್ಮ ಸೊಸೆಯ ಕೈ ಹಿಡಿದುಕೊಂಡರು. ಅವಳು ಈ ಮನೆಗೆ ಬಂದ ಮೇಲೆ ಅತ್ತೆ ಅವಳ ಕೈ ಹಿಡಿದದ್ದು ಅದೇ ಮೊದಲು. "ಯಾರ್‍ಗೂ ಹೇಳ್ಬ್ಯಾಡ," ಎಂದು ಪಿಸುಗುಟ್ಟಿದರು. "ಆಗೋದ್ ಆಗೋಯ್ತು. ಅವ್ನು ಹೊಡ್ದಾ ಅಂತ್ಲೇ ಇರ್‍ಲಿ. ಹೆಸ್ರು ಹೋದ್ರೆ ನಾಳೆಯಿಂದ ಒಬ್ರೂ ಈ ಬಾಗ್ಲಿಗೆ ಬರಾಕಿಲ್ಲ."

ಅತ್ತೆ ಹೇಳಿದ್ದು ಸುಳ್ಳಲ್ಲ. ವಿಷ ಪಕ್ಕದವನ ಹೊಲದಿಂದ ಬಂತೆಂದರೆ ಜನ ಅವಳಿಗೆ ಅಯ್ಯೋ ಎನ್ನುತ್ತಾರೆ. ಚಾಕಿ ಮನೆಯ ಒಳಗಿಂದಲೇ ಬಂತೆಂದರೆ ಯಾರು ತಾನೆ ಹುಳ ಒಯ್ಯುತ್ತಾರೆ? ಮೂರು ಕಟ್ಟಡ, ಹೊಸ ಯಂತ್ರ, ಕೆಲಸಕ್ಕೆ ಬರುವ ಅಷ್ಟು ಹೆಂಗಸರು, ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಸುಮ್ಮನಿದ್ದುಬಿಡಬಹುದಿತ್ತು. ಅವಳು ಸುಮ್ಮನೆ ಕೂತದ್ದೂ ಹೌದು, ಒಂದು ಗಳಿಗೆ. ಆಮೇಲೆ ಕೈ ಬಿಡಿಸಿಕೊಂಡು, ಹಾರವಿದ್ದ ಬುಟ್ಟಿಯನ್ನು ಎತ್ತಿಕೊಂಡು ಹೊಂಗೆ ಮರದ ಕಡೆ ನಡೆದಳು.

ಬುಟ್ಟಿಯನ್ನು ಅವರ ನಡುವೆ ಇಟ್ಟು ನಡೆದದ್ದನ್ನು ಹೇಳಿದಳು. ಎಲ್ಲೂ ನಿಲ್ಲಿಸಲಿಲ್ಲ. ಹಾರ ಕಟ್ಟಿದ್ದು ಯಾರು ಎಂದು ಒಬ್ಬರು ಕೇಳಿದರು. ನಾನೇ ಎಂದಳು. ಯಾರೂ ಕೂಗಾಡಲಿಲ್ಲ. ಪ್ರತಿ ವರ್ಷ ತಂತಮ್ಮ ಮನೆಯ ಕುಡುಗೋಲಿಗೂ ನೇಗಿಲಿಗೂ ಹೂವಿಡುವ ಜನ ಅವರು, ಆ ಹಾರವನ್ನು ಬೆಕ್ಕಸಬೆರಗಾಗಿ ನೋಡುತ್ತ ಕೂತರು. ದೇವರಾಜ್ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಟೊಮೆಟೊ ಗಿಡದ ಹಸಿರು ಇನ್ನೂ ಅಂಟಿತ್ತು. ಎದ್ದು ಹೋಗಿ ನಲ್ಲಿಯ ಹತ್ತಿರ ಕೈ ತೊಳೆಯತೊಡಗಿದ, ಎಷ್ಟು ಹೊತ್ತಾದರೂ ವಾಪಸ್ಸು ಬರಲಿಲ್ಲ. ಉಳಿದವರೂ ಒಬ್ಬೊಬ್ಬರೇ ಎದ್ದು ಬಸ್ಸಿಗೆ ಹೋದರು. ಮುಂದಿನ ಸಲ ಬರುತ್ತೇವೆ ಎಂದು ಯಾರೂ ಹೇಳಲಿಲ್ಲ. ಲಿಂಗಯ್ಯ ಮಾತ್ರ ಹೋಗುವಾಗ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದರು.

ಹೊತ್ತು ಮುಳುಗುವ ಹೊತ್ತಿಗೆ ಮಮತಾ ಬೇಲಿ ದಾಟಿದಳು. ನಿಯಾಜ್ ಒಬ್ಬನೇ ಬಿದ್ದ ಊರುಗೋಲುಗಳನ್ನು ಆರಿಸಿ ಒಟ್ಟುತ್ತಿದ್ದ. ವಿಷಯ ಅವನ ಕಿವಿಗೂ ಬಿದ್ದಿತ್ತು. ಅವಳು ಏನೇನೋ ಹೇಳಬೇಕೆಂದು ಬಂದಿದ್ದಳು, ಬಾಯಿಗೆ ಬಂದದ್ದು ಒಂದೇ.

"ನಾನು ಹೊಡ್ದೇ ಇಲ್ಲ ಅಂತ ಒಂದ್ ಮಾತು ಯಾಕ್ ಹೇಳ್ಲಿಲ್ಲ ನಿಯಾಜ್?"

ಅವನು ಕೋಲು ಕೆಳಗಿಟ್ಟ. "ಅವ್ರು ಹೇಳಿದ್ರೆ ಹೊಡೆದಾಡ್ತಿದ್ದೆ ಅಕ್ಕ," ಅಂದ. "ನೀವು ಹೇಳಿದ್ರಿ."

ಅವಳು ಅಲ್ಲೇ ಸಾಲಿನ ನಡುವೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಬೆಳಗಿನಿಂದ ಬಾರದೆ ಇದ್ದ ಅಳು. ನಿಯಾಜ್ ತನ್ನ ಪಾಡಿಗೆ ಕೋಲು ಒಟ್ಟಿ ಮುಗಿಸಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇನ್ನೂ ನಿಂತಿದ್ದ ಸಾಲುಗಳನ್ನು ಒಮ್ಮೆ ನೋಡಿದ. ಆಮೇಲೆ, ಯಾವಾಗಲೂ ಬೇಲಿಯ ಹತ್ತಿರ ನಿಂತು ಹೇಳುತ್ತಿದ್ದ ದನಿಯಲ್ಲೇ ಹೇಳಿದ.

"ಅಮ್ಮಂದು ಒಂದ್ ತಟ್ಟೆ ಉಳ್ಕೊಂಡೈತಂತಲ್ಲ. ಅಕ್ಕಾ, ನಾಳೆ ಹೊಡೀತೀನಿ. ಆ ತುದೀಲಿ ಸೊಪ್ಪು ಕುಯ್ಕೊಳ್ಳಿ."